ತಡರಾತ್ರಿಯ ಊಟ, ಇಳಿಯದ ತೂಕ

ರಾತ್ರಿ ಹತ್ತೂವರೆಗೆ ಮನೆ ಸೇರಿ, ಟಿವಿ ಮುಂದೆ ಅನ್ನ-ಸಾರು ಉಂಡು, ಮೇಲೊಂದು ಹಿಡಿ ಖಾರಾ ಬೂಂದಿ ಮೆಲ್ಲುವವರು ಗಡಿಯಾರವನ್ನು ದೂರುವ ಮೊದಲು ಆ ಬೂಂದಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ದಿನವಿಡೀ ಒಟ್ಟು ಎಷ್ಟು ತಿಂದೆವೆಂಬುದೇ ಮುಖ್ಯ.

ಆದರೂ ಹೊತ್ತಿಗೆ ಬೆಲೆಯಿದೆ. ಸ್ಪೇನಿನಲ್ಲಿ 420 ಮಂದಿಯನ್ನು 20 ವಾರ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮಧ್ಯಾಹ್ನ 3 ಗಂಟೆಯ ನಂತರ ಮುಖ್ಯ ಊಟ ಮಾಡಿದವರು ಹೆಚ್ಚುಕಡಿಮೆ ಉಳಿದವರಷ್ಟೇ ಕ್ಯಾಲೊರಿ ತಿಂದಿದ್ದರೂ ಅವರ ತೂಕ ಅಷ್ಟಾಗಿ ಇಳಿದಿರಲಿಲ್ಲ. 2022ರಲ್ಲಿ ಬಾಸ್ಟನ್ನಿನ ಸಂಶೋಧಕರು 16 ಮಂದಿಗೆ (ಸಣ್ಣ ಗುಂಪೇ, ನಿಜ) ಅದೇ ಊಟವನ್ನು ಸುಮಾರು 4 ಗಂಟೆ ತಡವಾಗಿ ಕೊಟ್ಟು ನೋಡಿದರು. ಹಸಿವು ಹೆಚ್ಚಿತು, ಹೊಟ್ಟೆ ತುಂಬಿದ ಭಾವ ಕೊಡುವ ಲೆಪ್ಟಿನ್ ತಗ್ಗಿತು, ದೇಹ ಖರ್ಚು ಮಾಡುವ ಶಕ್ತಿಯೂ ಇಳಿಯಿತು.

ಪಾಳಿ ಮುಗಿಸಿ ಬರುವವರು ಉಪವಾಸ ಮಲಗಬೇಕಿಲ್ಲ. ಸಂಜೆ 7ಕ್ಕೆ ಕೆಲಸದ ಜಾಗದಲ್ಲೇ ಡಬ್ಬಿಯ ಚಪಾತಿ-ಪಲ್ಯ ಮುಗಿಸಿದರೆ, ಮನೆಗೆ ಬಂದಾಗ ಒಂದು ಲೋಟ ಮಜ್ಜಿಗೆ ಸಾಕಾದೀತು.