ಎರಡು ಓಟಗಳ ಸರಾಸರಿ

ಸರಾಸರಿಯ ಲೆಕ್ಕದಿಂದ ಪ್ರಯೋಜನವೇನೆಂದು ವಿದ್ಯಾರ್ಥಿನಿಯರು ನಮ್ಮನ್ನು ಕೇಳುವುದುಂಟು. ಅದಕ್ಕೊಂದು ನಿದರ್ಶನವನ್ನು ಕೊಡುವೆವು.

ನ್ಯೂಜೀಲೆಂಡಿನ ಹವ್ಯಾಸಿ ಸವಾರರಾದ ಬರ್ಟ್ ಮನ್ರೋ ಎಂಬವರು 1920ರ ಇಂಡಿಯನ್ ಮೋಟಾರ್ ಸೈಕಲ್ಲೊಂದನ್ನು ದಶಕಗಳ ಕಾಲ ಸ್ವಹಸ್ತದಿಂದ ತಿದ್ದಿ, ಪಿಸ್ಟನ್ನುಗಳನ್ನು ತಾವೇ ಎರಕಹೊಯ್ದು, 1967ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಅಮೇರಿಕದ ಬಾನ್ನೆವಿಲ್ ಉಪ್ಪಿನ ಬಯಲಿನಲ್ಲಿ ಓಡಿಸಿದರು. ಒಂದೇ ದಿಕ್ಕಿನ ಓಟಕ್ಕೆ ಗಾಳಿಯು ಸಹಾಯಮಾಡಬಹುದು. ಆದುದರಿಂದ ಎದುರುಬದುರು ದಿಕ್ಕುಗಳ ಎರಡು ಓಟಗಳ ಸರಾಸರಿಯೇ ಅಧಿಕೃತ ದಾಖಲೆಯೆಂಬುದು ಅಲ್ಲಿಯ ನಿಯಮ. ಒಂದೇ ದಿಕ್ಕಿನಲ್ಲಿ ಅವರು ಗಂಟೆಗೆ 190.07 ಮೈಲಿ ವೇಗವನ್ನು ಮುಟ್ಟಿದ್ದರೂ ಅದು ದಾಖಲೆಯಾಗಲಿಲ್ಲ. ಅವರ ವರ್ಗದ ದಾಖಲೆಯೆಂದು ಬರೆಯಲ್ಪಟ್ಟುದು 183.59 ಮಾತ್ರ.

ಆದರೆ ದಾಖಲೆಯ ಆ ಎರಡು ಓಟಗಳ ವೇಗಗಳು 184.710 ಮತ್ತು 183.463. ಕೂಡಿಸಿ ಎರಡರಿಂದ ಭಾಗಿಸಿರಿ: 184.087 ಬರುವುದು! ಅವರ ಪುತ್ರರು ಈ ತಪ್ಪನ್ನು ಗಮನಿಸಿದರು. ಮನ್ರೋ ಅವರು ತೀರಿಕೊಂಡು 36 ವರ್ಷಗಳಾದ ಬಳಿಕ, 2014ರಲ್ಲಿ, ಅಮೇರಿಕದ ಮೋಟಾರ್ ಸೈಕಲ್ ಸಂಘವು ಅಂಕಿಯನ್ನು ತಿದ್ದಿತು.

ನಿಯಮಕ್ಕೊಳಪಡದ 190ನ್ನು ಸೇರಿಸಿಕೊಳ್ಳದ ದಾಖಲೆಯು, ನ್ಯಾಯವಾಗಿ ಸಲ್ಲತಕ್ಕ ಅರ್ಧ ಮೈಲಿಯನ್ನು ತಡವಾಗಿಯಾದರೂ ಸಲ್ಲಿಸಿತು. ಉತ್ತರ ಬರೆದ ಮೇಲೆ ಲೆಕ್ಕವನ್ನು ಮತ್ತೊಮ್ಮೆ ನೋಡಿರೆಂದು ನಾವು ತರಗತಿಯಲ್ಲಿ ಪದೇಪದೇ ಹೇಳುತ್ತಿದ್ದುದು ಇದಕ್ಕಾಗಿಯೇ.