ಅಮಾವಾಸ್ಯೆಯ ವಹಿ

ರಾಯಬಾಗ, ಅಥಣಿ ತಾಲ್ಲೂಕುಗಳ ನಡುವೆ ಕೃಷ್ಣೆಯ ದಂಡೆಗೆ ನಮ್ಮ ಹೊಲ. ಕಬ್ಬು ಮುಖ್ಯ ಬೆಳೆ, ಜೊತೆಗೆ ಒಂದಿಷ್ಟು ಅರಿಶಿನ, ಗೋವಿನಜೋಳ. ನಮ್ಮ ಕಡೆ ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದರೂ ಆ ದಿನದ ಬಿಡುವು ಹಲವು ಮನೆಗಳಲ್ಲಿ ಉಳಿದಿದೆ. ಆ ಬಿಡುವಿನಲ್ಲಿ ವಹಿ ಹಿಡಿದು ಕೂಡುವುದು ನನ್ನ ಬಹಳ ವರ್ಷಗಳ ರೂಢಿ. ರೊಕ್ಕದ ವಹಿ ಬೇರೆ ಇದೆ. ಈ ತಿಂಗಳು ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ, ಮುಂದೇನು ಎಂದು ನನ್ನನ್ನೇ ಕೇಳಿಕೊಳ್ಳುವ ವಹಿ ಇದು. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಕಡೆಯ ಹುಡುಗರು ಹೊಲಕ್ಕೆ ಬಂದಾಗ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ದಿನ ಗೊತ್ತುಮಾಡಿ

ಪುರುಸೊತ್ತಾದಾಗ ಕೂತು ಯೋಚಿಸೋಣ ಎನ್ನುವವನಿಗೆ ಕಬ್ಬಿನಲ್ಲಿ ಪುರುಸೊತ್ತೇ ಸಿಗುವುದಿಲ್ಲ. ನಾಟಿ, ಕಳೆ, ಬೋದು ಏರಿಸುವುದು, ಕಟಾವು ಮುಗಿಯುವಷ್ಟರಲ್ಲಿ ಕುಳೆ ಕಬ್ಬಿನ ಕೆಲಸ ಎದುರು ನಿಂತಿರುತ್ತದೆ. ಅಮಾವಾಸ್ಯೆಯೇ ಆಗಬೇಕೆಂದಿಲ್ಲ. ನೌಕರಿಯವರಿಗೆ ಪಗಾರದ ದಿನ, ಅಂಗಡಿಯವರಿಗೆ ಸಂತೆಯ ಮರುದಿನ ನಡೆಯುತ್ತದೆ. ಗೊತ್ತುಮಾಡಿದ ದಿನ ತಪ್ಪಬಾರದು, ಅಷ್ಟೇ.

2. ಹಿಂದೆ ನೋಡಿದ ಮೇಲೆ ಒಂದು ನೇಮ ಇರಲಿ

ಇದರ ಹಳೆಯ ಪಾಠ ನಮ್ಮ ನೆಲದಲ್ಲೇ ಇದೆ. ಈ ತಾಲ್ಲೂಕುಗಳಲ್ಲಿ ಜೈನ ಒಕ್ಕಲು ಮನೆಗಳು ಬಹಳ. ದಿಗಂಬರ ಮುನಿ ಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು (1872–1955) ಭೋಜ ಗ್ರಾಮದ ಒಕ್ಕಲು ಮನೆತನದವರು. ಆಚಾರ್ಯ ವಿದ್ಯಾನಂದರು ಶೇಡಬಾಳದವರು. 2024ರ ಫೆಬ್ರುವರಿಯಲ್ಲಿ ದೇಹ ಬಿಟ್ಟ ಆಚಾರ್ಯ ವಿದ್ಯಾಸಾಗರರು ಸದಲಗಾದವರು. ಈ ಮುನಿಗಳು ನಿತ್ಯ ಪಾಲಿಸುವ ಆರು ಆವಶ್ಯಕಗಳಲ್ಲಿ ಪ್ರತಿಕ್ರಮಣ ಒಂದು, ಪ್ರತ್ಯಾಖ್ಯಾನ ಇನ್ನೊಂದು. ಆದ ದೋಷವನ್ನು ನೆನೆದು ಅದರಿಂದ ಹಿಂದೆ ಸರಿಯುವುದು ಮೊದಲನೆಯದು, ಇನ್ನು ಮುಂದೆ ಇದನ್ನು ಬಿಟ್ಟೆ ಎಂದು ನೇಮ ಹಿಡಿಯುವುದು ಎರಡನೆಯದು. ದಿನಕ್ಕೆ, ಪಕ್ಷಕ್ಕೆ, ನಾಲ್ಕು ತಿಂಗಳಿಗೆ, ವರ್ಷಕ್ಕೆ ಎಂದು ಪ್ರತಿಕ್ರಮಣದ ಹೊತ್ತೂ ಗೊತ್ತಾಗಿದೆ.

ನಾನು ಜೈನನಲ್ಲ. ಬದುವಿನಾಚೆಯ ಹೊಲದ ಹಿರಿಯರೊಬ್ಬರು ಸಂಜೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂಡುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಏನು ಮಾಡುತ್ತೀರಿ ಎಂದು ಕೇಳಿದಾಗ, "ತಮ್ಮಾ, ಇವತ್ತಿಂದು ಇವತ್ತ ತೀರಸ್ತೀನಿ" ಅಂದರು. ಅವರಿಂದ ಕಲಿತದ್ದು ಇಷ್ಟು: ವಹಿಯ ಪ್ರತಿ ಪುಟದ ಕೊನೆಗೆ ಮುಂದಿನ ಅಮಾವಾಸ್ಯೆಯವರೆಗೆ ಮಾಡುವ ಒಂದೇ ಒಂದು ಬದಲು ಬರೆಯುತ್ತೇನೆ. ಐದು ಬರೆದರೆ ಒಂದೂ ಆಗುವುದಿಲ್ಲ.

3. ಕೈಯಲ್ಲಿದ್ದದ್ದು, ಇಲ್ಲದ್ದು ಬೇರೆ ಮಾಡಿ

ಇದು ನನಗೆ ಎಲ್ಲಕ್ಕಿಂತ ದೊಡ್ಡ ಪಾಠ. ಪುಟದ ನಡುವೆ ಗೆರೆ ಎಳೆಯುತ್ತೇನೆ. ನನ್ನ ಕೈಯಲ್ಲಿದ್ದದ್ದು ಎಡಕ್ಕೆ, ಇಲ್ಲದ್ದು ಬಲಕ್ಕೆ.

ಕೃಷ್ಣೆಯ ದಂಡೆಯವರಿಗೆ ಬಲಗಡೆ ಬರೆಯುವುದು ಬಹಳ. 2005ರ ಪ್ರವಾಹ, 2019ರ ಆಗಸ್ಟ್, 2021ರ ಜುಲೈ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ನಾವು ತಡೆಯಲಾರೆವು. ಕಬ್ಬಿನ ನ್ಯಾಯಬೆಲೆ ಕೇಂದ್ರ ಸರ್ಕಾರ ಗೊತ್ತುಮಾಡುವುದು. 2024-25ರ ಹಂಗಾಮಿಗೆ ಶೇ 10.25 ಸಕ್ಕರೆ ರಿಕವರಿ ಹಿಡಿದು ಕ್ವಿಂಟಲ್‌ಗೆ 340 ರೂಪಾಯಿ ಇತ್ತು. ಅದೂ ಬಲಗಡೆಯದೇ. ಅದಕ್ಕೆ ಹೋರಾಟ ಬೇಕು, ಸಂಘಟನೆ ಬೇಕು. ಒಬ್ಬನೇ ಕೂತು ಹಲುಬಿದರೆ ಆಗುವುದಲ್ಲ.

ಎಡಗಡೆ ಸಣ್ಣದು, ಆದರೆ ಖಾಲಿ ಇರುವುದಿಲ್ಲ. ಕಲ್ಲೋಳ–ಯಡೂರ ಸೇತುವೆ ಮುಳುಗಿತು ಎಂಬ ಸುದ್ದಿ ಬಂದ ಕೂಡಲೇ ನದಿಯ ಮೋಟಾರು ಮೇಲೆತ್ತಿದೆನೋ, ನೋಡೋಣ ನಾಳೆ ಅಂದೆನೋ? ಸುಳಿ ಮುಳುಗಿದರೆ ಕಬ್ಬು ಕೊಳೆಯುತ್ತದೆ. ಹಾಗಿದ್ದಮೇಲೆ ತಗ್ಗಿನ ಪಟ್ಟಿಯಲ್ಲಿ ಮಳೆಗಾಲದ ಹೊತ್ತಿಗೆ ಎತ್ತರ ಬೆಳೆದಿರುವ ಕಬ್ಬು ನಿಲ್ಲುವಂತೆ ನಾಟಿಯ ತಿಂಗಳು ಆರಿಸಿದೆನೋ? ಕಡಿದ ಕಬ್ಬು ಹೊಲದಲ್ಲಿ ಒಣಗಿದಷ್ಟೂ ತೂಕ, ಸಕ್ಕರೆ ಎರಡೂ ಇಳಿಯುತ್ತವೆ. ಗಾಡಿ ಗೊತ್ತಾಗುವ ಮೊದಲೇ ಕಟಾವು ಹಚ್ಚಿದೆನೋ?

ಸುಗ್ಗಿ ಚೆನ್ನಾದ ವರ್ಷವೂ ಈ ಗೆರೆ ಎಳೆಯಬೇಕು. ಸೋತ ವರ್ಷ ಎಲ್ಲರೂ ಹೊಳೆಯನ್ನು, ಕಾರ್ಖಾನೆಯನ್ನು ಬೈಯುತ್ತಾರೆ. ಗೆದ್ದ ವರ್ಷ ಹದವಾದ ಮಳೆಯನ್ನು ಯಾರೂ ಬಲಗಡೆ ಬರೆಯುವುದಿಲ್ಲ. ಮಳೆ ಕೊಟ್ಟದ್ದನ್ನು ತನ್ನ ಜಾಣತನ ಎಂದುಕೊಂಡವನು ಮರುವರ್ಷ ಸಾಲ ಮಾಡಿ ಇನ್ನಷ್ಟು ಹೊಲ ಲಾವಣಿ ಹಿಡಿಯುತ್ತಾನೆ. ನಮ್ಮ ಭಾಗದ ಎಷ್ಟೋ ಸಾಲ ಗೆದ್ದ ವರ್ಷದಲ್ಲೇ ಹುಟ್ಟಿದ್ದು.

4. ಒಂದು ವರ್ಷ ತೋರದ್ದನ್ನು ಹತ್ತು ವರ್ಷದ ವಹಿ ತೋರುತ್ತದೆ

ಹೊಲಕ್ಕೆ ಸವಳು ಏಕಾಏಕಿ ಬರುವುದಿಲ್ಲ. ಮೊದಲು ಬೋದಿನ ನೆತ್ತಿಯಲ್ಲಿ ಬೇಸಿಗೆಗೆ ಬೆಳ್ಳಗೆ ಹೊಪ್ಪಳಿಕೆ ಏಳುತ್ತದೆ, ಕೈಯಲ್ಲಿ ತಿಕ್ಕಿದರೆ ಹಿಟ್ಟಿನ ಹಾಗೆ ಉದುರುತ್ತದೆ. ಆಮೇಲೆ ಅಲ್ಲಲ್ಲಿ ಮೊಳಕೆ ತಪ್ಪುತ್ತದೆ, ಎಲೆಯ ತುದಿ ಸುಡುತ್ತದೆ. ಒಂದು ವರ್ಷ ಬೀಜ ಸರಿ ಇಲ್ಲ ಅನ್ನುತ್ತೇವೆ, ಇನ್ನೊಂದು ವರ್ಷ ಗೊಬ್ಬರ ಅನ್ನುತ್ತೇವೆ. ಎಕರೆಗೆ ಬಂದ ಟನ್ನು, ಬಿಟ್ಟ ನೀರು ಎರಡನ್ನೂ ವರ್ಷ ವರ್ಷ ಬರೆದಿಟ್ಟವರಿಗೆ ಮಾತ್ರ ಇಳಿಜಾರು ಕಾಣುತ್ತದೆ.

ಕಾರಣ ಕಪ್ಪು ಮಣ್ಣು ಮತ್ತು ಅತಿ ನೀರು. ಬಸಿದುಹೋಗದ ನೀರು ಅಡಿಯ ಉಪ್ಪನ್ನು ಮೇಲೆ ತರುತ್ತದೆ, ನೀರು ಆರಿದ ಮೇಲೆ ಉಪ್ಪು ಉಳಿಯುತ್ತದೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂತೆಂದರೆ ಬೆಳೆಗೆ ಬೇಕೋ ಬೇಡವೋ ನೋಡದೆ ನೀರು ಬಿಡುವುದು ನದಿ ದಂಡೆಯ ಊರುಗಳ ರೂಢಿ. "ಈ ನೀರು ಬೆಳೆ ಕೇಳಿತೋ, ಕರೆಂಟು ಕೇಳಿತೋ?" ಎಂಬ ಒಂದೇ ಪ್ರಶ್ನೆಯನ್ನು ವಹಿಯಲ್ಲಿ ಬರೆಯತೊಡಗಿದ ಮೇಲೆ ನಮ್ಮ ಹೊಲದ ನೀರಿನ ಸರದಿ ಕಮ್ಮಿಯಾಯಿತು. ಕಬ್ಬಿನ ರವದಿಗೆ (ಒಣಗರಿಗೆ) ಬೆಂಕಿ ಹಚ್ಚದೆ ಸಾಲಿನಲ್ಲೇ ಹೊದಿಸಿದ ಮೇಲೆ ಇನ್ನಷ್ಟು.

ವಹಿ ಅನುಮಾನ ಹುಟ್ಟಿಸುತ್ತದೆ, ತೀರ್ಮಾನಕ್ಕೆ ಮಣ್ಣು ಪರೀಕ್ಷೆ ಬೇಕು. ಇಸಿ (ಮಣ್ಣಿನ ಉಪ್ಪು ತೋರುವ ಅಳತೆ) 4ರ ಮೇಲಿದ್ದರೆ ಉಪ್ಪಿನ ಸವಳು, ಅದಕ್ಕೆ ಬಸಿಗಾಲುವೆ ಬೇಕು. ಪಿಎಚ್ 8.5 ದಾಟಿದ್ದರೆ ಕ್ಷಾರ, ಅದಕ್ಕೆ ಜಿಪ್ಸಂ. ಯಾವುದೆಂದು ತಿಳಿಯದೆ ಜಿಪ್ಸಂ ಸುರಿದರೆ ರೊಕ್ಕ ಮಣ್ಣುಪಾಲು. ಮನುಷ್ಯ ತನ್ನನ್ನು ತಾನು ನೋಡಿಕೊಳ್ಳುವಾಗಲೂ ಹೀಗೇ. ಮನಸ್ಸಿಗೆ ಅನ್ನಿಸಿದ್ದನ್ನು ಹೊರಗಿನ ಯಾವುದಾದರೂ ಅಳತೆಗೆ ಹಚ್ಚಿ ನೋಡಬೇಕು.

5. ನಿಮ್ಮ ಬಗ್ಗೆ ಇನ್ನೊಬ್ಬರನ್ನು ಕೇಳಿ

ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳಿಗೆ ಪಗಾರ ಕೊಡುವ ದಿನ ಒಂದು ಪ್ರಶ್ನೆ ಕೇಳುತ್ತೇನೆ: "ಅಕ್ಕಾರ, ನಮ್ಮ ಹೊಲದಾಗ ಏನ್ ಬದ್ಲಾಗಬೇಕ್ರಿ?" ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದರು. ಒಮ್ಮೆ ಒಬ್ಬರು, "ಅಣ್ಣಾರ, ಪಗಾರ ಸರಿ ಕೊಡ್ತೀರಿ. ಆದ್ರ ಬುತ್ತಿ ಬಿಚ್ಚಾಕ ನೆರಳಿಲ್ರಿ" ಅಂದರು. ತಾಡಪತ್ರಿ ಕಟ್ಟಿ, ಒಂದು ಕೊಡ ನೀರು ಇಡಿಸಿದ್ದು ಅವತ್ತಿನ ಪುಟದ ಬದಲು. ಕೂಲಿಯವರು ಸಿಗುವುದಿಲ್ಲ ಎಂದು ಊರೆಲ್ಲ ಹೇಳುವಾಗ ನಮ್ಮ ಹೊಲಕ್ಕೆ ಅದೇ ತಂಡ ಬರುತ್ತದೆ.

6. ನಿಮ್ಮ ದುಡಿಮೆಯನ್ನೂ ಬರೆಯಿರಿ

1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ರೈತ ನಾಯಕ ಶರದ್ ಜೋಶಿಯವರ ಜೊತೆ ಹೆದ್ದಾರಿಯಲ್ಲಿ ಕೂತರು. ಏಪ್ರಿಲ್‌ನಲ್ಲಿ ಗೋಲಿಬಾರಾಗಿ ರೈತರು ಸತ್ತರು. ಆ ಚಳವಳಿಯ ಬೇರು ಉತ್ಪಾದನೆಯ ಖರ್ಚಿನ ಲೆಕ್ಕ. ಖರ್ಚು ಎಂದರೆ ಬೀಜ, ಗೊಬ್ಬರವಷ್ಟೇ ಅಲ್ಲ, ಮನೆಮಂದಿಯ ಬೆವರೂ ಹೌದು. ಹೆಂಡತಿ ಎಮ್ಮೆಗೆ ಮೇವು ಹಾಕಿ, ಹಾಲು ಕರೆದು, ಹೊಲಕ್ಕೆ ಬುತ್ತಿ ತಂದದ್ದು ಹೆಚ್ಚಿನ ಮನೆಗಳ ಲೆಕ್ಕದಲ್ಲಿ ಇಲ್ಲ. ಅದನ್ನು ಬರೆದ ಮೇಲೆ ಮನೆಯಲ್ಲಿ ಮಾತಾಡುವ ಧಾಟಿಯೇ ಬದಲಾಗುತ್ತದೆ.

7. ಬೈಗುಳದ ವಹಿ ಬೇಡ

ತನ್ನನ್ನೇ ಹಳಿದುಕೊಳ್ಳುವುದು ಆತ್ಮಾವಲೋಕನ ಅಲ್ಲ. ಸಾಲ, ಪ್ರವಾಹ, ಬಾಕಿ ಬಿಲ್ಲು ಒಟ್ಟಿಗೆ ಬಂದಾಗ ಒಬ್ಬರೇ ಕೂತು ಹಿಂದಿನದನ್ನು ಕೆದಕಬೇಡಿ. ವಹಿ ಮುಚ್ಚಿ, ಬಲ್ಲವರೊಬ್ಬರ ಬಳಿ ಹೋಗಿ ಮಾತಾಡಿ. ರಾತ್ರಿ ನಿದ್ದೆ ಹೋಯಿತು, ಬದುಕು ಬೇಡ ಅನ್ನಿಸಿತು ಎಂದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ನಮ್ಮ ಭಾಗದ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳಿಗೂ (ಪಿಕೆಪಿಎಸ್) ಸಕ್ಕರೆ ಕಾರ್ಖಾನೆಗಳ ಕಬ್ಬು ವಿಭಾಗಕ್ಕೂ ಒಂದು ವಿನಂತಿ. ಬೆಳೆಸಾಲ ಕೊಡುವಾಗ ಪ್ರತಿ ರೈತನ ಕೈಗೂ ಇನ್ನೂರು ಪುಟದ ಒಂದು ವಹಿ ಕೊಡಿ. ವರ್ಷಕ್ಕೊಮ್ಮೆ, ಕಟಾವು ಮುಗಿದ ಮೇಲೆ, ಊರಿನ ಸಮುದಾಯ ಭವನದಲ್ಲಿ ಎಲ್ಲರೂ ತಮ್ಮ ವಹಿ ತಂದು ಕೂಡುವಂತೆ ಮಾಡಿ. ಖರ್ಚು ಬಹಳ ಬರುವುದಿಲ್ಲ.