ತಾಳೆಯಾಗದ ಅಂಕಿ

ಸಂಶೋಧನೆ ಎಂದೊಡನೆ ದೊಡ್ಡ ಯಂತ್ರಗಳೂ ಹೆಸರಾಂತ ವಿಜ್ಞಾನಿಗಳೂ ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ ಅದರ ಮೊದಲ ಮೆಟ್ಟಿಲು ಬಹಳ ಸಣ್ಣದು. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯೂ ಅದನ್ನು ಏರಬಹುದು.

ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯ ಹುಡುಗಿಯೊಬ್ಬಳು ಚಾಮರಾಜನಗರದ ಕಾಲೇಜಿನಲ್ಲಿ ಬಿ.ಎಸ್‌ಸಿ. ಮೊದಲ ವರ್ಷಕ್ಕೆ ಸೇರಿದಳೆಂದು ಭಾವಿಸೋಣ. ಅವಳ ಊರಿನವರಿಗೆ ಕುಡಿಯಲು ಇರುವುದು ಕೊಳವೆಬಾವಿಯ ನೀರು. ಅದರಲ್ಲಿ ಬೇಳೆ ಬೇಗ ಬೇಯದು. ಸಾಬೂನು ನೊರೆ ಕೊಡದು. ಪಾತ್ರೆಯ ತಳದಲ್ಲಿ ಬಿಳಿಯ ಪದರು ಕಟ್ಟುವುದು. ರಸಾಯನಶಾಸ್ತ್ರದ ಅಧ್ಯಾಪಕರು ಸುತ್ತಲಿನ ಬಾವಿಗಳ ನೀರನ್ನು ಪರೀಕ್ಷಿಸುತ್ತಿರುವರೆಂದು ಕೇಳಿ, ಅವಳು ಅಳುಕುತ್ತಲೇ ಅವರ ಬಳಿಗೆ ಹೋದಳು.

“ಸಾರ್, ನಮ್ಮೂರಿನ ನೀರನ್ನೂ ಪರೀಕ್ಷೆ ಮಾಡಬಹುದೇ? ನಾನೂ ನಿಮ್ಮಲ್ಲಿ ಕೆಲಸ ಕಲಿಯಬಹುದೇ?”

“ಆಗಲಮ್ಮ. ಆದರೆ ಮೊದಲು ಸೀಸೆ ತೊಳೆಯುವುದನ್ನು ಕಲಿಯಬೇಕು” ಎಂದರು ಅಧ್ಯಾಪಕರು.

ಒಂದು ತಿಂಗಳು ಅವಳು ಗಾಜಿನ ಸಾಮಾನು ತೊಳೆದಳು. ಸೀಸೆಗಳಿಗೆ ಊರಿನ ಹೆಸರು, ದಿನಾಂಕ ಬರೆದ ಚೀಟಿ ಅಂಟಿಸಿದಳು. ಹಿಂದಿನ ನೀರು ಸೀಸೆಯಲ್ಲಿ ಉಳಿದರೆ ಮುಂದಿನ ಅಳತೆ ಕೆಡುವುದೆಂಬುದು ಅವಳಿಗೆ ಆಗ ಮನದಟ್ಟಾಯಿತು. ಬಳಿಕ ತನ್ನ ಊರಿನ ನೀರಿನ ಗಡಸುತನವನ್ನು ಅಳೆಯುವ ಸರದಿ ಬಂದಿತು. 20 ಮಿಲಿಲೀಟರ್ ನೀರಿಗೆ ಸೂಚಕವನ್ನು ಬೆರೆಸಿದಾಗ ಅದು ದ್ರಾಕ್ಷಿಯ ರಸದಂತೆ ಕೆಂಪಾಯಿತು. ಬ್ಯೂರೆಟ್ಟಿನಿಂದ ಇ.ಡಿ.ಟಿ.ಎ. ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಕೆಂಪು ಅಳಿದು ನೀಲಿ ಮೂಡಿದೊಡನೆ ನಿಲ್ಲಿಸಿ ನೋಡಿದಳು. ಮೊದಲ ಸಲ 11.9 ಮಿಲಿಲೀಟರ್, ಎರಡನೆಯ ಸಲವೂ 11.9, ಮೂರನೆಯ ಸಲ 12.4!

ವ್ಯತ್ಯಾಸ ಅರ್ಧ ಮಿಲಿಲೀಟರ್ ಮಾತ್ರ. ಆದರೆ ಅವಳು ಬಳಸಿದ ದ್ರಾವಣದ ಲೆಕ್ಕದಲ್ಲಿ 11.9 ಎಂದರೆ ಲೀಟರಿಗೆ 595 ಮಿಲಿಗ್ರಾಂ ಗಡಸುತನ, 12.4 ಎಂದರೆ 620. ಬೇರೆ ನೀರು ದೊರೆಯದಿದ್ದಾಗ ಕುಡಿಯಲು ಒಪ್ಪಬಹುದೆಂದು ಭಾರತೀಯ ಮಾನಕ ಬ್ಯೂರೋ ಗೊತ್ತುಪಡಿಸಿರುವ ಮಿತಿ 600. ಒಂದು ಅಂಕಿಯಿಂದ ನೀರು ಮಿತಿಯೊಳಗೆ, ಇನ್ನೊಂದರಿಂದ ಮಿತಿಯ ಹೊರಗೆ!

ಮೂರನೆಯದನ್ನೂ 11.9 ಎಂದೇ ಬರೆದುಬಿಟ್ಟರೆ ಯಾರಿಗೆ ಗೊತ್ತಾದೀತು? ಲೇಖನಿ ಕ್ಷಣಕಾಲ ತಡೆಯಿತು. ಕಡೆಗೆ ಅವಳು 12.4 ಎಂದೇ ಬರೆದು, ಪುಸ್ತಕವನ್ನು ಅಧ್ಯಾಪಕರಿಗೆ ತೋರಿಸಿದಳು.

“ಸರಿಯಾಗಿ ಬರೆದಿದ್ದೀಯಮ್ಮ. ಇದನ್ನು ಅಳಿಸಬೇಡ. ಮತ್ತೆ ಮಾಡಿ ನೋಡು” ಎಂದರು ಅವರು.

ಬ್ಯೂರೆಟ್ಟನ್ನು ಮತ್ತೆ ತುಂಬಿದಾಗ ಅದರ ತುದಿಯಲ್ಲಿ ಒಂದು ಗಾಳಿಗುಳ್ಳೆ ಕಂಡಿತು. ಅಂಥ ಗುಳ್ಳೆ ನಡುವೆ ಹೊರಬಿದ್ದರೆ ಅದರ ಜಾಗವನ್ನು ದ್ರಾವಣ ತುಂಬುತ್ತದೆ. ಅಳತೆ ಹೆಚ್ಚಾಗಿ ತೋರುತ್ತದೆ. ಗುಳ್ಳೆಯನ್ನು ಹೋಗಲಾಡಿಸಿ ಅಳೆದಾಗ ಎರಡು ಸಲವೂ 11.9 ಬಂದಿತು. ಅವಳು ಅದನ್ನೂ ಬರೆದಳು. ಹಳೆಯ ಅಂಕಿಯ ಪಕ್ಕದಲ್ಲಿ ಗುಳ್ಳೆಯ ಸಂಗತಿಯನ್ನೂ ಬರೆದಳು.

ತಾಳೆಯಾಗದುದು ಯಾವಾಗಲೂ ತಪ್ಪೇ ಆಗಿರುವುದಿಲ್ಲ. ಸಿ. ವಿ. ರಾಮನ್ನರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ, ಬೆಳಕಿನ ಪ್ರಯೋಗದಲ್ಲಿ ಎರಡು ಪಕ್ಕಗಳಲ್ಲಿ ಸಮನಾಗಿರದ ಪಟ್ಟೆಗಳನ್ನು ಕಂಡರು. ತೊಡಕೆಂದು ತಳ್ಳಿಹಾಕದೆ ಕಾರಣವನ್ನು ಹುಡುಕಿದರು. ಆ ಲೇಖನವು 1906ರಲ್ಲಿ ‘ಫಿಲಾಸಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವರಿಗೆ ಸುಮಾರು 18 ವರ್ಷ.

ಚಾಮರಾಜನಗರದ ಸೀಮೆಯಲ್ಲಿಯೇ ಇನ್ನೊಂದು ನಿದರ್ಶನವಿದೆ. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನ ವಿದ್ಯಾರ್ಥಿ ಆರ್. ಸುಕುಮಾರ್ ಅವರು ಇಲ್ಲಿನ ಕಾಡುಗಳಲ್ಲಿ ಆನೆಗಳನ್ನು ಅಭ್ಯಸಿಸಿದರು. ಬೆಳೆ ಕಳೆದುಕೊಂಡ ರೈತನ ಕಣ್ಣಿಗೆ ಎಲ್ಲ ಆನೆಗಳೂ ಒಂದೇ. ಆದರೆ ತಾಳ್ಮೆಯಿಂದ ಬರೆದಿಟ್ಟ ಲೆಕ್ಕವು ಬೇರೆಯದನ್ನೇ ಹೇಳಿತು: ಬೆಳೆದ ಗಂಡಾನೆಯು ಹಿಂಡಿನ ಆನೆಗಳಿಗಿಂತ ಹಲವು ಪಟ್ಟು ಹೆಚ್ಚಾಗಿ ಹೊಲಕ್ಕೆ ನುಗ್ಗುತ್ತದೆ.

ಹುಡುಗಿಯ ಕೆಲಸವಿನ್ನೂ ಮುಗಿದಿಲ್ಲ. ಊರಿನ ನೀರು ಮಿತಿಗಿಂತ ಐದು ಮಿಲಿಗ್ರಾಂ ಮಾತ್ರ ಕೆಳಗಿದೆ. ಬೇಸಿಗೆಯಲ್ಲಿ ಅದು ಏನಾಗುವುದೋ ಅಳೆದೇ ತಿಳಿಯಬೇಕು. ಅವಳು ಸೀಸೆಯನ್ನು ತೊಳೆದು ಒಣಗಲು ಇಟ್ಟಿದ್ದಾಳೆ.